ಪುಕ್ಕಟೆ ಆ್ಯಪ್, ಒಂದೇ ಟಿಕೆಟ್, ಇಡೀ ಕುಟುಂಬ

ಮೊದಲೇ ಹೇಳಿಬಿಡುತ್ತೇನೆ, ಜಿಪುಣತನ ನನ್ನದೇ. ಹಂಪನಕಟ್ಟೆಯ ಸಣ್ಣ ಹಾಲ್‌ನಲ್ಲಿ ನನ್ನ ಮೊದಲ ಮಿಮಿಕ್ರಿ ಶೋ. ಆನ್‌ಲೈನ್‌ನಲ್ಲಿ ಟಿಕೆಟ್ ಮಾರಲು ಎರಡು ಆ್ಯಪ್ ನೋಡಿದೆ. ಒಂದು ಸ್ವಲ್ಪ ಕಮಿಷನ್ ಕೇಳುತ್ತಿತ್ತು, ಆದರೆ ಒಮ್ಮೆ ಸ್ಕ್ಯಾನ್ ಆದ ಟಿಕೆಟ್ ಅದರಲ್ಲಿ ಮತ್ತೆ ನಡೆಯುತ್ತಿರಲಿಲ್ಲ. ಇನ್ನೊಂದು ಪೂರ್ತಿ ಪುಕ್ಕಟೆ. ಪುಕ್ಕಟೆಯದನ್ನೇ ಅಪ್ಪಿಕೊಂಡೆ!

ಶೋ ದಿನ, ಮೀನು ಮಾರುವ ನನ್ನ ದೊಡ್ಡಮ್ಮ ಹಾಲ್‌ನ ಬಾಗಿಲಲ್ಲಿ ಮೊಬೈಲ್ ತೋರಿಸಿದರು. ಸ್ಕ್ಯಾನ್ ಮಾಡಿದರೆ ಹಸಿರು. ಹಿಂದಿದ್ದ ಚಿಕ್ಕಮ್ಮ ಅದೇ ಟಿಕೆಟ್ ತೋರಿಸಿದರು, ಮತ್ತೆ ಹಸಿರು. ಅವರ ಹಿಂದೆ ಭಾವ, ಅತ್ತಿಗೆ, ಮೀನು ಮಾರ್ಕೆಟಿನ ಅರ್ಧ ಸಾಲು. ದೊಡ್ಡಮ್ಮ ಒಂದೇ ಟಿಕೆಟ್ ಕೊಂಡು ಅದನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದರಂತೆ! ಕುರ್ಚಿಗಳು ಭರ್ತಿಯಾದವು. ಕಾಸು ಕೊಟ್ಟವರು ಹೊರಗೆ ನಿಂತು ನನ್ನನ್ನು ದುರುಗುಟ್ಟಿ ನೋಡಿದರು. ಅವರನ್ನು ವೇದಿಕೆಯ ಮೇಲೆಯೇ ಕೂರಿಸಿದೆ. ನನಗೆ ಉಳಿದದ್ದು ಮೈಕ್ ಹಿಡಿದು ನಿಲ್ಲುವಷ್ಟು ಜಾಗ.

ಮೈಕಿನಲ್ಲೇ, ದೊಡ್ಡಮ್ಮನ ಸ್ವರದಲ್ಲೇ ಕೇಳಿದೆ: "ಹೀಗೆ ಟಿಕೆಟ್ ಕಾಪಿ ಮಾಡುವುದು ಮೋಸ ಅಲ್ವಾ?"

ಹಾಲ್ ಇಡೀ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಮಾತ್ರ ಮುಂದಿನ ಸಾಲಿನಿಂದ ಎದ್ದು ನಿಂತರು.

"ಎಂತ ಮೋಸ ಮಾರಾಯ? ನೀನು ನನ್ನ ಸ್ವರ ಕಾಪಿ ಮಾಡಿ ಅದಕ್ಕೆ ಟಿಕೆಟ್ ಇಟ್ಟಿದ್ದಿ. ನನ್ನತ್ರ ಕೇಳಿದ್ದುಂಟಾ?"