ಅಬೋಮೆಯ ಹಿತ್ತಾಳೆ ಮೆರವಣಿಗೆ

೧೯೮೮ರ ಚಳಿಗಾಲದ ಒಂದು ಶನಿವಾರ, ಬೆಳಿಗ್ಗೆ ಹತ್ತಕ್ಕೆ ಜರ್ಸಿ ಸಿಟಿಯಿಂದ ನಾವು ಮೂವರು ಹೊರಟೆವು: ನನ್ನ ಸಹೋದ್ಯೋಗಿ ಪ್ರಸನ್ನ, ಅವರ ಪತ್ನಿ ಸುಧಾ ಮತ್ತು ನಾನು. ನದಿಯಡಿಯ ರೈಲಿಗೆ ತಲಾ ಒಂದು ಡಾಲರ್. ಮ್ಯಾನ್‌ಹಟನ್‌ನಲ್ಲಿ ಇಳಿದು ಸಬ್‌ವೇಗೆ ಮತ್ತೊಂದು. ಸುಧಾ ತಂದಿದ್ದ ಪುಳಿಯೋಗರೆಯನ್ನು ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ, ಕೈಗವಸು ಬಿಚ್ಚದೆ, ಚಮಚದಲ್ಲಿ ತಿಂದೆವು.

ಪ್ರಸನ್ನರ ಬಗ್ಗೆ ನನಗಿದ್ದ ಮತ್ಸರವನ್ನು ಮುಚ್ಚಿಡುವುದಿಲ್ಲ. ಅವರ ತಾತನೇ ಬಿ.ಎ. ಓದಿದವರು. ಟಿಕೆಟ್ ಕೊಡುವಾಕೆಯೊಡನೆ ಅವರು ನಗುನಗುತ್ತ ಮಾತನಾಡುವಾಗ, ನಾನು ಕೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಬಾರಿ ತಿದ್ದಿಕೊಳ್ಳುತ್ತಿದ್ದೆ. ನನ್ನ ತಂದೆ ನಾಗಮಂಗಲದಲ್ಲಿ ವಿಗ್ರಹ ಎರೆಯುವವರು. ಆಫೀಸಿನಲ್ಲಿ ನಾನು ಹೇಳಿದ್ದು ‘ಲೋಹದ ವ್ಯಾಪಾರ’. ಹೆಸರಿನ ತುದಿಯ ‘ಆಚಾರಿ’ಯನ್ನು ಪಾಸ್‌ಪೋರ್ಟ್ ಅರ್ಜಿಯಲ್ಲೇ ಕೈಬಿಟ್ಟಿದ್ದೆ.

ಪಶ್ಚಿಮ ಆಫ್ರಿಕದ ಕೋಣೆಯಲ್ಲಿ, ಗಾಜಿನೊಳಗೆ, ಗೇಣುದ್ದದ ಹಿತ್ತಾಳೆಯ ಮೆರವಣಿಗೆ: ಕೊಡೆಯ ಕೆಳಗೆ ಅರಸ, ಹಿಂದೆ ಕೊಡೆ ಹಿಡಿದವಳು, ಮುಂದೆ ಡೋಲಿನವರು, ಒಂದು ಸಿಂಹ. ಫೋನ್ ಎಂಬ ಜನಾಂಗದ ರಾಜಧಾನಿ ಅಬೋಮೆಯಲ್ಲಿ ಮಾಡಿದ್ದು. ಸಿಂಹ ಅಲ್ಲಿಯ ಒಬ್ಬ ಅರಸನ ಲಾಂಛನವಂತೆ. ಎರಕದವರನ್ನು ಅರಸರು ಅರಮನೆಯ ಹತ್ತಿರವೇ ಇರಿಸಿಕೊಂಡಿದ್ದರೆಂದು ಫಲಕದಲ್ಲಿತ್ತು. ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ತಂದೆಯ ಕುಲುಮೆ ಇದ್ದದ್ದು ಚರಂಡಿಯ ಪಕ್ಕದಲ್ಲಿ.

“ಬಟ್ಟೆ ಮೇಲಿನ ಗೆರೆ ನೋಡ್ರೀ ನಾಗರಾಜ್, ಉಳೀಲಿ ಎಷ್ಟು ಫೈನ್ ಆಗಿ ಕೆತ್ತಿದಾನೆ!” ಎಂದರು ಪ್ರಸನ್ನ.

ಉಳಿಯ ಗೆರೆ ತಗ್ಗಾಗಿರುತ್ತದೆ; ಇವು ಉಬ್ಬಿದ್ದವು, ಅಂಚು ದುಂಡಗಿತ್ತು. ಸುಮ್ಮನಿದ್ದಿದ್ದರೆ ನನ್ನ ‘ವ್ಯಾಪಾರ’ ಉಳಿಯುತ್ತಿತ್ತು.

“ಅದು ಕೆತ್ತಿದ್ದಲ್ಲ, ಪ್ರಸನ್ನ ಅವ್ರೇ. ಮೇಣದ ಎಳೆ ಹೊಸೆದು ಅಂಟಿಸಿರೋದು. ಮೇಲೆ ಮಣ್ಣು ಮೆತ್ತಿ ಕಾಯಿಸಿದ್ರೆ ಮೇಣ ಕರಗಿ ಹೋಗುತ್ತೆ. ಆ ಜಾಗಕ್ಕೆ ಹಿತ್ತಾಳೆ ಹುಯ್ತಾರೆ.”

“ಎಲ್ಲಿ ಓದಿದ್ರಿ ಇದನ್ನೆಲ್ಲ?”

“ಓದಿದ್ದಲ್ಲ. ನಮ್ಮಪ್ಪ ಮಾಡೋದು ಇದೇ ಕೆಲಸ.”

“ಅಲ್ರೀ, ಮೂರು ವರ್ಷದಿಂದ ಬಿಸಿನೆಸ್ಸು ಬಿಸಿನೆಸ್ಸು ಅಂತಿದ್ರಲ್ಲ!” ಪ್ರಸನ್ನ ಜೋರಾಗಿ ನಕ್ಕರು. ಕಾವಲುಗಾರ ತಿರುಗಿ ನೋಡಿದ.

ಸುಧಾ ನಗಲಿಲ್ಲ. “ಹಾಗಾದ್ರೆ ನಿಮಗೂ ಬರುತ್ತೆ! ನಮಗೊಂದು ಪುಟ್ಟ ದೀಪ ಮಾಡ್ಕೊಡಿ” ಎಂದರು.

ಬರುವುದಿಲ್ಲ ಎಂದೆ. ಓದುವ ಹುಡುಗ ಕೈ ಸುಟ್ಟುಕೊಳ್ಳಬಾರದೆಂದು ತಂದೆ ನನ್ನನ್ನು ಕುಲುಮೆಯ ಬಳಿಗೇ ಬಿಟ್ಟಿರಲಿಲ್ಲ. ಮೇಣ ಹೊಸೆಯುವುದನ್ನು ಕಿಟಕಿಯಿಂದ ನೋಡಿದ್ದೆ, ಅಷ್ಟೇ.

ನಾಲ್ಕಕ್ಕೆ ಹೊರಟೆವು. ಬಾಗಿಲ ಬಳಿ ನಿಂತು ಮತ್ತೊಮ್ಮೆ ಆ ಗಾಜಿನತ್ತ ನೋಡಿದೆ. ಅಬೋಮೆಯ ಆ ಎರಕದವನಿಗೆ ಒಬ್ಬ ಮಗನಿದ್ದಿರಬೇಕು. ಮೇಣದ ಮೊದಲ ಉಂಡೆಯನ್ನು ಅವನ ಅಂಗೈಯಲ್ಲಿ ಅಪ್ಪನೇ ಇಟ್ಟಿರಬೇಕು. ಪ್ರಸನ್ನರನ್ನು ಮರೆತು, ಆ ಮಗನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತ ಮೆಟ್ಟಿಲಿಳಿದೆ.