ಹಕ್ಕಿ ರೊಟ್ಟಿ

ಹುಡುಗಿಯೊಬ್ಬಳು ಎಂಟನೇ ಕ್ಲಾಸಿಗೆ ಬಸ್ಸು ಹತ್ತಿದರೆ ಅದು ಊರಿಗೆಲ್ಲ ಸುದ್ದಿಯಾಗುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ನಡುಭಾಗ. ನಮ್ಮ ಹೆಮ್ಮಿಗೆಯಲ್ಲಿ ಏಳನೇ ಕ್ಲಾಸು ಮುಗಿಸಿದ ಹುಡುಗಿಯರು ಹೆಚ್ಚಾಗಿ ನಾಟಿ ಗದ್ದೆಗೆ ಇಳಿಯುತ್ತಿದ್ದರು. ಆ ವರ್ಷ ಮಾತ್ರ ನಾವಿಬ್ಬರು ನರಸೀಪುರದ ದೊಡ್ಡ ಸ್ಕೂಲಿಗೆ ಹೊರಟೆವು. ಒಬ್ಬಳು ನಾನು, ಪೋಸ್ಟ್ ಮಾಸ್ತರ ಮಗಳು. ಇನ್ನೊಬ್ಬಳು ಮಾದೇವಿ, ಕೂಲಿಗೆ ಹೋಗುವ ಪುಟ್ಟತಾಯವ್ವನ ಮಗಳು. ಒಂದನೇ ಕ್ಲಾಸಿನಿಂದಲೂ ನನ್ನ ಪಕ್ಕದಲ್ಲೇ ಕೂತು ಬೆಳೆದವಳು.

ದೊಡ್ಡ ಸ್ಕೂಲು ಎಂದರೆ ನಿಜಕ್ಕೂ ದೊಡ್ಡದು. ಎಂಟನೇ ಕ್ಲಾಸೊಂದಕ್ಕೇ ಎ ಇಂದ ಎಫ್ ತನಕ ಆರು ಸೆಕ್ಷನ್. ಅಂಗಡಿ ಸಾಹುಕಾರರ ಮಕ್ಕಳು, ಪೊಲೀಸ್ ಕ್ವಾರ್ಟರ್ಸಿನವರು, ಹಾಸ್ಟೆಲ್ಲಿನವರು, ಸೈಕಲ್ ತುಳಿದು ಬರುವ ಹಳ್ಳಿಯವರು, ಎಲ್ಲರಿಗೂ ಅದೊಂದೇ ಸ್ಕೂಲು. ಪ್ರಾರ್ಥನೆಗೆ ನಿಂತರೆ ಮೈದಾನದ ಮಣ್ಣು ಕಾಣುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಹೊಸ ಸುಣ್ಣದ ವಾಸನೆ, ಒದ್ದೆ ಛತ್ರಿಯ ವಾಸನೆ, ಬುತ್ತಿಯೊಳಗಿನ ಉಪ್ಪಿನಕಾಯಿಯ ವಾಸನೆ ಸೇರಿಕೊಂಡು ಮೂಗಿಗೆ ಬಡಿಯುತ್ತಿದ್ದವು. ಪ್ರಾರ್ಥನೆ ಮುಗಿದು ಒಳಗೆ ಹೋದ ಮೇಲೆ ಎಲ್ಲರೂ ಒಂದೇ ಅಲ್ಲ ಎಂಬುದು ಗೊತ್ತಾಗುತ್ತಿತ್ತು. ಎ ಸೆಕ್ಷನ್ನಿಗೆ ಇಂಗ್ಲಿಷ್ ಮೀಡಿಯಂ, ಫ್ಯಾನು, ಪರ್ಮನೆಂಟ್ ಮೇಷ್ಟ್ರು. ಎಫ್ ಸೆಕ್ಷನ್ ಹಿಂದಿನ ಶೀಟಿನ ಶೆಡ್ಡಿನಲ್ಲಿ. ಅಲ್ಲಿಗೆ ಲೆಕ್ಕದ ಮೇಷ್ಟ್ರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತಲೇ ವರ್ಷ ಮುಗಿದುಹೋಗುತ್ತಿತ್ತು. ಅಲ್ಲಿ ಕೂತು ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬರನ್ನೂ ನಮ್ಮೂರು ಕಂಡಿರಲಿಲ್ಲ.

ಪುಟ್ಟತಾಯವ್ವನಿಗೆ ಇದೆಲ್ಲ ಗೊತ್ತಿತ್ತು. ಮಗಳಿಗೆ ಒಂದೇ ಮಾತು ಹೇಳಿದ್ದಳು. "ಏ ಸೆಕ್ಸನ್ನು ಸಿಕ್ಕುದ್ರೆ ಓದು, ನಾನೇ ಬುತ್ತಿ ಕಟ್ಟಿ ಬಸ್ ಅತ್ತುಸ್ತೀನಿ. ಆ ಸೆಡ್ಡಲ್ಲಿ ಕೂತ್ಕೊಳೋದಾದ್ರೆ ಬ್ಯಾಡ ಕಣವ್ವ, ನನ್ ಜೊತೆ ಗದ್ದೆಗೆ ಬಂದ್ಬುಡು."

ಮಾದೇವಿ ಎ ಸೆಕ್ಷನ್ನಿಗೆ ಹೋಗಬೇಕಾದ ಹುಡುಗಿಯೇ. ಭಿನ್ನರಾಶಿ ನನ್ನ ತಲೆಗೆ ಹತ್ತದೆ ಅಳುತ್ತಿದ್ದಾಗ ಅವಳು ಕುಂಟೆಬಿಲ್ಲೆಯ ಮನೆಯನ್ನು ನೆಲದ ಮೇಲೆ ಗೀಚಿ, ಅದನ್ನು ಎರಡು ಮಾಡಿ, ನಾಲ್ಕು ಮಾಡಿ, ಕುಂಟಿಕೊಂಡು ಹಾರಿ ತೋರಿಸಿದ್ದಳು. "ಅರ್ದುದ್ರಲ್ಲಿ ಅರ್ದ, ಕಾಲು. ಇಷ್ಟೇಯ ಕಣಮ್ಮಿ," ಎಂದಿದ್ದಳು.

ಆದರೆ ದೊಡ್ಡ ಸ್ಕೂಲಿನಲ್ಲಿ ಲೆಕ್ಕ ಕೇಳಿ ಸೆಕ್ಷನ್ ಕೊಡುತ್ತಿರಲಿಲ್ಲ. ಹಿರಿಯ ಕನ್ನಡ ಮೇಷ್ಟ್ರೊಬ್ಬರು ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಬಾಯಲ್ಲಿ 'ಹ' ಹೊರಡದವರಿಗೆ ಇಂಗ್ಲಿಷು ಹತ್ತುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ನಮ್ಮೂರಲ್ಲೋ 'ಹ' ಇದ್ದದ್ದು ಪುಸ್ತಕದಲ್ಲಿ ಮಾತ್ರ. ಹಾಲು ಆಲು, ಹಸು ಅಸು, ಹೆಮ್ಮಿಗೆ ಎಮ್ಮಿಗೆ. ನಮ್ಮ ಮನೆಯಲ್ಲಿ ಅಪ್ಪನ ಹೆದರಿಕೆಗೆ ಅದು ಹೇಗೋ ಉಳಿದುಕೊಂಡಿತ್ತು. 'ಆಲು' ಎಂದರೆ ಅವರು ಲೋಟ ಕೈಗೆ ಕೊಡುತ್ತಿರಲಿಲ್ಲ.

ಹಾಗಾಗಿ ಮೇ ತಿಂಗಳು ಪೂರ್ತಿ ನಾನು ಮಾದೇವಿಗೆ ಮೇಷ್ಟ್ರಾದೆ. ಕಾಲುವೆ ಏರಿಯ ಮೇಲೆ ಕೂರಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಸಿ, "ಬಿಸಿ ಉಸಿರು ತಗುಲಬೇಕು, ಹಾಗೆ ಅನ್ನು" ಎಂದು ಗದರಿಸುತ್ತಿದ್ದೆ. ಅವಳು ಎಮ್ಮೆ ಮೇಯಿಸುವಾಗಲೂ 'ಹ ಹಾ ಹಿ ಹೀ' ಎನ್ನುತ್ತಿದ್ದಳು. ಮೇಷ್ಟ್ರು ಊರು, ಮನೆ ಕೇಳುತ್ತಾರೆಂದು ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದೆ.

"ಬ್ಯಾರೆ ಏನಾರ ಕೇಳ್ಬುಟ್ರೆ?" ಎಂದಳು.

"ಅನುಮಾನ ಬಂದ ಕಡೆಯೆಲ್ಲ ಹ ಹಾಕ್ಬಿಡು. ತಪ್ಪಾಗಲ್ಲ," ಎಂದೆ.

ಗೊತ್ತಿಲ್ಲ ಎನ್ನಬಹುದಿತ್ತು. ಅಷ್ಟು ಬುದ್ಧಿ ನನಗಿರಲಿಲ್ಲ, ಜಂಬ ಮಾತ್ರ ಬೇಕಾದಷ್ಟಿತ್ತು.

ಸೆಕ್ಷನ್ ಹಂಚುವ ದಿನ ದೊಡ್ಡ ಹಾಲಿನಲ್ಲಿ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದ್ದರು. ನಮಗಿಂತ ಮುಂಚೆ ನಮ್ಮೂರ ಹುಡುಗನೊಬ್ಬ "ಎಮ್ಮಿಗೆ ಸಾ" ಎಂದು, ಮೇಷ್ಟ್ರು "ಎಮ್ಮೆಗೆ ಏನಪ್ಪಾ, ಹುಲ್ಲು ಬೇಕಾ?" ಎಂದು, ಅವನ ಕಥೆ ಅಲ್ಲಿಗೆ ಮುಗಿದಿತ್ತು. ಮಾದೇವಿ ಎದ್ದು ನಿಂತಳು. ನಾಲ್ಕು ವಾಕ್ಯವನ್ನೂ ಒಂದು 'ಹ' ಬಿಡದೆ ಹೇಳಿದಳು. ಮೇಷ್ಟ್ರು ತಲೆಯೆತ್ತಿ ನೋಡಿದರು. ಎ ಸೆಕ್ಷನ್ನಿನ ಹಾಳೆಯನ್ನು ಹತ್ತಿರ ಎಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

"ಭೇಷ್. ಬೆಳಗ್ಗೆ ಏನು ತಿಂದು ಬಂದೆ?" ಎಂದರು, ಸುಮ್ಮನೆ ಪ್ರೀತಿಗೆ.

ಅದು ನಾಲ್ಕು ವಾಕ್ಯದಲ್ಲಿರಲಿಲ್ಲ. ಮಾದೇವಿ ನನ್ನ ಕಡೆ ನೋಡಿದಳು. ಹೇಳು ಎಂದು ನಾನು ತಲೆಯಾಡಿಸಿದೆ.

"ಹಕ್ಕಿ ರೊಟ್ಟಿ ಸಾರ್."

"ಏನು?"

'ಹ' ಕೇಳಿಸಲಿಲ್ಲ ಎಂದುಕೊಂಡಳೋ ಏನೋ, ಇನ್ನೂ ಗಟ್ಟಿಯಾಗಿ ಹೇಳಿದಳು. "ಹಕ್ಕಿ ರೊಟ್ಟಿ. ನಮ್ಮ ಹವ್ವ ಮಾಡಿದ್ದು ಸಾರ್."

ಇಡೀ ಹಾಲು ನಕ್ಕಿತು. "ಗುಬ್ಬೀದೋ, ಗಿಣೀದೋ?" ಎಂದು ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ಕೆಟ್ಟವರಲ್ಲ, ಆಮೇಲೆ ನನಗೆ ಮೂರು ವರ್ಷ ಪ್ರೀತಿಯಿಂದ ಪಾಠ ಹೇಳಿದವರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಕ್ಕಿದ್ದು ನಿಜ. ನಗುತ್ತಲೇ ಅವರು 'ಎಫ್' ಹಾಳೆ ಎಳೆದುಕೊಂಡು ಅವಳ ಹೆಸರು ಬರೆದರು.

ಮುಂದಿನ ಸರದಿ ನನ್ನದು. ಅವಳು ಲೆಕ್ಕದಲ್ಲಿ ನಮಗೆಲ್ಲ ಮುಂದು ಸಾರ್ ಎನ್ನುವ ಮಾತು ಗಂಟಲ ತನಕ ಬಂದಿತ್ತು. ನನ್ನ ಎ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯಕ್ಕೆ ನುಂಗಿಕೊಂಡೆ. ನನ್ನನ್ನೂ ಏನು ತಿಂದೆ ಎಂದು ಕೇಳಿದರು. ನಾನು ತಿಂದದ್ದೂ ಅದೇ ಅಕ್ಕಿ ರೊಟ್ಟಿ. "ಇಡ್ಲಿ ಸಾರ್," ಎಂದೆ.

ವಾಪಸು ಬಸ್ಸಿನಲ್ಲಿ ಮಾದೇವಿ ಅಳಲಿಲ್ಲ. "ಅಮ್ಮಿ, ಅವ್ವಂಗೆ ಏ ಸಿಕ್ತು ಅಂತ್ಲೇ ಯೋಳ್ತೀನಿ. ನೀನೂ ಅಂಗೇ ಅನ್ನು," ಎಂದಳು. ಹತ್ತು ಹನ್ನೆರಡು ದಿನ ಹಾಗೇ ನಡೆಯಿತು. ಅವಳು ಶೆಡ್ಡಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದಳು. ಹುಡುಗರು ಅವಳ ಹೆಸರನ್ನೇ ಮರೆತು 'ಹಕ್ಕಿ ರೊಟ್ಟಿ' ಎಂದು ಕೂಗುತ್ತಿದ್ದರು. ಮೈದಾನದಲ್ಲಿ ಎದುರಾದರೆ ಹೊಸ ಗೆಳತಿಯರ ಜೊತೆಯಲ್ಲಿದ್ದ ನಾನು ಬೇರೆ ಕಡೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಎ ಸೆಕ್ಷನ್ನಿನ ಬಾಗಿಲಿಗೆ ಪುಟ್ಟತಾಯವ್ವ ಬಂದು ನಿಂತಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ, ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಬೆಂಚಿನಿಂದ ಬೆಂಚಿಗೆ ಹುಡುಕಿ, ಕೊನೆಗೆ ನನ್ನನ್ನು ಕಂಡು ಮುಖ ಅರಳಿಸಿದಳು.

"ಬುತ್ತಿ ಮರ್ತು ಬಂದವ್ಳೆ. ಎಲ್ಲವ್ವ ನಮ್ಮ ಮಾದೇವಿ?"

ನಾನು ಕಿಟಕಿಯಾಚೆಯ ಶೆಡ್ಡಿನ ಕಡೆ ಕೈ ತೋರಿಸಿದೆ. ಅವಳು ಆ ಕಡೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಬುತ್ತಿಯನ್ನು ನನ್ನ ಬೆಂಚಿನ ಮೇಲಿಟ್ಟು, "ನೀನೇ ಕೊಟ್ಬುಡವ್ವ," ಎಂದು ಹೊರಟುಹೋದಳು. ಮರುದಿನ ಬಸ್ಸಿಗೆ ಮಾದೇವಿ ಬರಲಿಲ್ಲ. ಅವಳ ಓದು ಅಲ್ಲಿಗೆ ನಿಂತಿತು.

ನಾನೀಗ ಮೈಸೂರಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಡಂ. ನಮ್ಮ ದೊಡ್ಡ ಸ್ಕೂಲು ದೊಡ್ಡದಾಗಿ ಉಳಿದಿಲ್ಲ. ಅನುಕೂಲಸ್ಥರ ಮಕ್ಕಳನ್ನು ಹಳದಿ ವ್ಯಾನುಗಳು ಬೆಳಿಗ್ಗೆಯೇ ಬೇರೆ ಕಡೆ ಕರೆದೊಯ್ಯುತ್ತವೆ. ಆರು ಸೆಕ್ಷನ್ ಇದ್ದಲ್ಲಿ ಒಂದಿದೆ. ಅದು ಸೊರಗಿದ್ದಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಮರುಗುತ್ತಾರೆ. ನನಗೆ ಅಷ್ಟು ಮರುಕ ಬರುವುದಿಲ್ಲ. ಅದು ತುಂಬಿ ತುಳುಕುತ್ತಿದ್ದಾಗಲೇ ನಾನು ಕಳೆದುಕೊಳ್ಳಬಾರದವಳನ್ನು ಕಳೆದುಕೊಂಡಾಗಿತ್ತು.

ಹೋದ ವರ್ಷ ಊರಿನ ಬಸ್ ಸ್ಟಾಪಿನಲ್ಲಿ ಮಾದೇವಿ ಸಿಕ್ಕಳು, ತಲೆಯ ಮೇಲೆ ಹುಲ್ಲಿನ ಹೊರೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅಂತೂ ಹೇಳಿದೆ. "ಅವತ್ತು ನಾನು ತಪ್ಪು ಹೇಳಿಕೊಟ್ಟೆ ಕಣೆ. ಎಲ್ಲಾ ನನ್ನಿಂದಲೇ ಆಗಿದ್ದು."

ಅವಳು ಹೊರೆಯಡಿಯಿಂದಲೇ ನಕ್ಕಳು. "ಬುಡಿ ಮೇಡಮ್ಮೋರೆ. ನೀವು ಸರ್ಯಾಗೇ ಯೋಳ್ಕೊಟ್ಟಿದ್ರಿ. ನಂದೇ ನಾಲ್ಗೆ ಸರಿಯಿರ್ನಿಲ್ಲ."

ಬಹುವಚನ ಬಿಡು ಮಾದೇವಿ ಎಂದು ಎಷ್ಟು ಬೇಡಿಕೊಂಡರೂ ಅವಳು ಬಿಡಲಿಲ್ಲ. ಬಸ್ಸು ಬಂತು. ಹತ್ತಿ ಕೂತೆ. ನನ್ನನ್ನು ಬೈಯುವ ಹಕ್ಕಿದ್ದವಳು ಅವಳೊಬ್ಬಳೇ, ಅವಳೂ ಬೈಯಲಿಲ್ಲ.