ಅಲ್ಲಾಡದ ಮುಳ್ಳು

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ನಮ್ಮ ಕಟ್ಟಡದ ನೀರಿನ ಪಂಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಬೇರಿಂಗ್ ಸವೆದಿದೆ, ಇನ್ನು ಎರಡು ವಾರ ಬಂದರೆ ಹೆಚ್ಚು ಅಂದರು. ಮನೆ ಮಾಲೀಕರು ನಕ್ಕರು. ಹದಿನೈದನೇ ದಿನ ಬೆಳಿಗ್ಗೆ ಪಂಪು ನಿಂತಿತು. ಅವತ್ತಿನಿಂದ ಅವರು ನಮಗೆಲ್ಲ ಚೀಫ್. ನೌಕಾಪಡೆಯ ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಕೆಳಗಿನಿಂದ ಮೇಲೆ ಬಂದವರು, ಆಗ ರಜೆಯಲ್ಲಿ ಮನೆಗೆ ಬಂದಿದ್ದರು. ಹಡಗಿನಲ್ಲೂ ಅವರನ್ನು ಹಾಗೇ ಕರೆಯುತ್ತಿದ್ದರಂತೆ.

ಅವರ ಮನೆ ಮೇಲಿನ ಮಹಡಿಯಲ್ಲಿ ನಮ್ಮ ಮನೆಗೆ ಎದುರು. ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ಅಲ್ಲಿ ಹೆಚ್ಚು ದಿನ ಇದ್ದವಳು ಅವರ ಹೆಂಡತಿ. ಮಕ್ಕಳಿರಲಿಲ್ಲ. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಸಂಸಾರ ಮಾಡಿದ್ದು ಒಟ್ಟು ಸೇರಿಸಿದರೆ ಆರು ವರ್ಷ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ತನಗೊಬ್ಬಳು ಸವತಿ ಇದ್ದಾಳೆ, ದಿನಾ ಡ್ರಮ್ಮುಗಟ್ಟಲೆ ಎಣ್ಣೆ ಕುಡಿಯುತ್ತಾಳೆ, ಆದರೂ ಇವರಿಗೆ ಅವಳ ಮೇಲೇ ಜೀವ ಅನ್ನುವಳು. ಚೀಫ್ ಅದನ್ನು ಕೇಳಿ ಕೇಳಿ ಹಳಬರಾಗಿದ್ದರು. ಸವತಿಗಾದರೆ ಎಣ್ಣೆ ಹಾಕಿದರೆ ಸದ್ದು ಕಡಿಮೆಯಾಗುತ್ತದೆ, ನಿನಗೆ ಏನು ಹಾಕಲಿ ಅನ್ನುತ್ತಿದ್ದರು.

ಅವರು ನಿವೃತ್ತಿಗೆ ಅರ್ಜಿ ಬರೆಯಬೇಕಾಗಿದ್ದ ವರ್ಷ ಹೊಸದೊಂದು ಆದೇಶ ಬಂತು. ಪಳಗಿದ ಕೈಗಳೆಲ್ಲ ಸರಕು ಹಡಗುಗಳಿಗೂ ಕಾರ್ಖಾನೆಗಳಿಗೂ ಹೊರಟುಹೋಗಿ, ನೌಕಾಪಡೆಯಲ್ಲಿ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವವರು ಉಳಿದಿರಲಿಲ್ಲ. ಅಂಥವರು ಇನ್ನೆರಡು ವರ್ಷ ದಡಕ್ಕೆ ಬರದೆ ಹಡಗಿನಲ್ಲೇ ಇರಲು ಒಪ್ಪಿ ಸಹಿ ಹಾಕಿದರೆ ಸಂಬಳದ ಮೇಲೆ ದೊಡ್ಡ ಮೊತ್ತ ಕೊಡುತ್ತಾರೆ. ಅರ್ಧ ಸಹಿ ಹಾಕಿದಾಗ, ಅರ್ಧ ಅವಧಿ ಮುಗಿದಾಗ. ನಡುವೆ ತಾವಾಗಿ ಕೇಳಿಕೊಂಡು ದಡಕ್ಕೆ ಬಂದರೆ, ಕಾರಣ ಏನೇ ಇರಲಿ, ಕೊಟ್ಟದ್ದನ್ನು ಹಿಂದಿರುಗಿಸಬೇಕು.

ಅದೇ ಹೊತ್ತಿಗೆ ಮಾಲೀಕರು ಆ ಎರಡು ಕೋಣೆಗಳನ್ನು ಮಾರುವ ಮಾತು ಎತ್ತಿದ್ದರು. ಚೀಫ್‌ಗೆ ಸಹಿ ಹಾಕುವ ಮನಸ್ಸಿರಲಿಲ್ಲ. ಹಾಕಿಸಿದವಳು ಅವಳೇ. ಗೂಡಿನಷ್ಟಗಲದ ಬಂಕಿನಲ್ಲಿ ಇಪ್ಪತ್ತೆರಡು ವರ್ಷ ಮಲಗಿದ ಮನುಷ್ಯನಿಗೆ ಕೊನೆಗಾದರೂ ಸ್ವಂತದ್ದೊಂದು ಬಾಗಿಲು ಬೇಡವೇ ಎಂದು ನನ್ನ ಮುಂದೆ ಹೇಳಿದ್ದಳು. ಅವರ ಮುಂದೆ ಮಾತ್ರ, ಹತ್ತೊಂಬತ್ತು ವರ್ಷ ಕಳೆದವಳಿಗೆ ಎರಡು ಯಾವ ಮಹಾ ಎಂದಳಂತೆ. ಮೊದಲ ಅರ್ಧ ಮುಂಗಡವಾಗಿ ಮಾಲೀಕರ ಕೈ ಸೇರಿತು.

ಒಂದೂವರೆ ವರ್ಷ ಹೇಗೋ ಹೋಯಿತು. ಹಡಗು ಕೊನೆಯ ದೀರ್ಘ ಯಾನಕ್ಕೆ ಹೊರಟ ತಿಂಗಳಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಗಡ್ಡೆ ಯಕೃತ್ತಿಗೆ ಹರಡಿದೆ, ಕೆಲವು ತಿಂಗಳು ಎಂದು ವೈದ್ಯರು ಅವಳ ಎದುರಿಗೇ ಹೇಳಿದರು. ಮನೆಗೆ ಬಂದು ನೀರು ಕುಡಿದು, ಒಂದು ಉಪಕಾರ ಮಾಡಬೇಕು ಅಕ್ಕ ಅಂದಳು.

ಆಗಿನ್ನೂ ಮೊಬೈಲ್ ಇರಲಿಲ್ಲ. ಹಡಗಿಗೆ ಕಾಗದವೇ ಗತಿ. ಬಂದರು ಸಿಕ್ಕಾಗ ಅವರು ನಮ್ಮ ಮನೆಗೆ ಫೋನ್ ಮಾಡುತ್ತಿದ್ದರು. ಅವಳು ಕೈಯಲ್ಲಿ ಬಲ ಇರುವಾಗಲೇ ಮೂರು ದಿನ ಕೂತು ವಾರಕ್ಕೊಂದರಂತೆ ಮುಂದಿನ ತಾರೀಕು ಹಾಕಿ ಇಪ್ಪತ್ತೆರಡು ಕಾಗದ ಬರೆದಳು. ಎಲ್ಲವನ್ನೂ ಅಂಟಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿ ನನ್ನ ಕೈಗೆ ಕೊಟ್ಟಳು. ಪ್ರತಿ ಸೋಮವಾರ ಒಂದನ್ನು ಅಂಚೆಗೆ ಹಾಕಬೇಕು. ಫೋನ್ ಬಂದರೆ ಅಂಗಡಿಗೆ ಹೋಗಿದ್ದಾಳೆ ಅನ್ನಬೇಕು. ಅವಧಿ ಮುಗಿಯುವವರೆಗೆ ಅಷ್ಟೇ.

ಇದು ಸರಿಯಲ್ಲ, ಗಂಡನಿಗೆ ಗೊತ್ತಾಗಬೇಕು ಎಂದು ವಾದಿಸಿದೆ.

"ಬಂದು ಏನ್ ಮಾಡ್ತಾರೆ ಅಕ್ಕ? ಹೊಟ್ಟೆ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕೇಳ್ತಾರಾ?"

ನನಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಇಲ್ಲ ಅನ್ನಲಾಗಲಿಲ್ಲ. ಆ ನಗುವನ್ನು ಕ್ಷಮಿಸು ಎಂದು ಎಷ್ಟು ದಿನ ದೇವರ ಮುಂದೆ ಕೂತಿದ್ದೇನೋ ಅವನಿಗೇ ಗೊತ್ತು.

ಹಡಗಿನ ಕಡೆ ಏನಾಯಿತು ಎನ್ನುವುದನ್ನು ಚೀಫ್ ಆಮೇಲೆ, ಮೆಟ್ಟಿಲ ಮೇಲೆ ಕೂತು, ಹಲವು ಸಂಜೆಗಳಲ್ಲಿ ಸ್ವಲ್ಪಸ್ವಲ್ಪವೇ ಹೇಳಿದರು.

ಎಂಜಿನ್ ಕೋಣೆಯಲ್ಲಿ ಪಾಳಿಯವನು ಗಂಟೆಗೊಮ್ಮೆ ಒಂದು ಸುತ್ತು ಹಾಕಿ, ಹದಿನೆಂಟು ಮೀಟರುಗಳ ಮುಳ್ಳು ಎಲ್ಲೆಲ್ಲಿ ನಿಂತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಸೆಖೆ, ಸದ್ದು, ಎಣ್ಣೆಯ ವಾಸನೆ. ಮೈಗಳ್ಳರು ಕೂತಲ್ಲೇ ಹಿಂದಿನ ಗಂಟೆಯ ಅಂಕಿಗಳನ್ನೇ ಇಳಿಸಿಬಿಡುತ್ತಾರೆ. ಚೀಫ್ ಪುಟದ ಮೇಲೆ ಮೇಲಿನಿಂದ ಕೆಳಕ್ಕೆ ಬೆರಳು ಎಳೆದುಕೊಂಡು ಬಂದು ಅದನ್ನು ಹಿಡಿಯುತ್ತಿದ್ದರು. ನಡೆಯುತ್ತಿರುವ ಎಂಜಿನ್ನಿನ ಮುಳ್ಳು ಒಂದು ಕೂದಲೆಳೆಯಷ್ಟಾದರೂ ಅಲ್ಲಾಡಲೇಬೇಕು. ಮೂರು ಗಂಟೆ ಒಂದೇ ಅಂಕಿ ಇದ್ದರೆ ಮೀಟರು ಕೆಟ್ಟಿದೆ, ಇಲ್ಲವೇ ಯಾರೂ ನೋಡಿಲ್ಲ. ಬೈಯುತ್ತಿರಲಿಲ್ಲ. ನೋಡದಿದ್ದರೆ ಖಾಲಿ ಬಿಡು, ಸುಳ್ಳು ಬರೆಯಬೇಡ, ಖಾಲಿ ಜಾಗ ಹಡಗು ಮುಳುಗಿಸುವುದಿಲ್ಲ ಅನ್ನುತ್ತಿದ್ದರು.

ಇಂಥವರಿಗೆ ಹೆಂಡತಿಯ ಕಾಗದದ ಸುಳ್ಳು ತಿಳಿಯಲಿಲ್ಲ. ಅದಕ್ಕೂ ಕಾರಣವಿತ್ತು. ಬಂದರಿನಲ್ಲಿ ಕಾಗದಗಳು ಕಟ್ಟಾಗಿ ಬರುತ್ತಿದ್ದವು. ಬೇರೆಯವರು ಎಲ್ಲವನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದರೆ, ಇವರು ತಾರೀಕಿನ ಪ್ರಕಾರ ಜೋಡಿಸಿಟ್ಟು ಭಾನುವಾರಕ್ಕೆ ಒಂದೇ ಒಂದನ್ನು ಒಡೆಯುತ್ತಿದ್ದರು. ಮುಂದಿನ ಬಂದರಿನವರೆಗೆ ಬರಲಿ ಎಂದು ಹಾಗೆ. ಒಂದನ್ನು ಓದುವ ಹೊತ್ತಿಗೆ ಹಿಂದಿನದು ಏಳು ದಿನ ಹಳೆಯದಾಗಿರುತ್ತಿತ್ತು.

ಒಂದು ಭಾನುವಾರ ಜ್ವರ ಬಂದು ಪಾಳಿ ತಪ್ಪಿತು. ಬಂಕಿನಲ್ಲಿ ಬೇಸರವಾಗಿ ಒಂಬತ್ತು ಕಾಗದಗಳನ್ನೂ ಒಟ್ಟಿಗೆ ಬಿಡಿಸಿ ಹರಡಿಕೊಂಡರು. ಟ್ಯಾಂಕಿಗೆ ನೀರು ಚೆನ್ನಾಗಿ ಏರುತ್ತಿದೆ. ಮೊಣಕಾಲು ನೋವು ಪರವಾಗಿಲ್ಲ. ಕಿಟಕಿಯ ಗಿಡ ಹೂ ಬಿಟ್ಟಿದೆ. ಬೆರಳು ತಾನಾಗಿ ಮೇಲಿನಿಂದ ಕೆಳಕ್ಕೆ ಇಳಿಯಿತು. ಒಂಬತ್ತು ವಾರವೂ ನೀರು ಚೆನ್ನಾಗಿ ಏರಿತ್ತು, ಒಂಬತ್ತು ವಾರವೂ ಗಿಡ ಹೂ ಬಿಟ್ಟಿತ್ತು. ಒಂದರಲ್ಲೂ ಸವತಿಯ ಸುದ್ದಿ ಇರಲಿಲ್ಲ, ಒಂದು ಕೊಂಕು ಮಾತಿರಲಿಲ್ಲ.

"ಆಗಲೇ ಗೊತ್ತಾಯ್ತು ಅಕ್ಕ. ಆದ್ರೂ ಹನ್ನೊಂದು ದಿನ ಸುಮ್ನಿದ್ದೆ."

ಎರಡೂವರೆ ತಿಂಗಳು ಮಾತ್ರ ಬಾಕಿ ಇತ್ತು. ಅವಳಿಗೆ ಬರೆಯಲು ಬೇರೇನೂ ತೋಚಿರಲಿಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರಂತೆ. ಕೈಕೆಳಗಿನ ಯಾವ ಹುಡುಗ ಹೇಳಿದ್ದರೂ ಒಪ್ಪದ ಸಬೂಬನ್ನು ತಾವೇ ಹೇಳಿಕೊಂಡು ಒಪ್ಪಿಕೊಂಡರು. ಹನ್ನೆರಡನೇ ದಿನ ಬಂದರು ಸಿಕ್ಕಿತು.

ಫೋನ್ ಎತ್ತಿದವಳು ನಾನೇ. ಅವಳು ಆಗ ಆಸ್ಪತ್ರೆ ಸೇರಿ ಹತ್ತು ದಿನವಾಗಿತ್ತು. ಒಪ್ಪಿಕೊಂಡ ಹಾಗೆ, ಅಂಗಡಿಗೆ ಹೋಗಿದ್ದಾಳೆ ಅಂದೆ. ಅವರು ಬೇರೆಯೇ ಒಂದು ಪ್ರಶ್ನೆ ಕೇಳಿದರು.

"ಕಿಟಕಿ ಗಿಡ ಹೂ ಬಿಟ್ಟಿದ್ಯಾ ಅಕ್ಕ?"

ಅವಳು ಕಾಗದದಲ್ಲಿ ಏನು ಬರೆದಿದ್ದಳೋ ನನಗೆ ತಿಳಿಯದು. ಆ ಗಿಡ ನೀರಿಲ್ಲದೆ ಎಂದೋ ಒಣಗಿಹೋಗಿತ್ತು. ಅಂಗಡಿಯ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಗಿಡಕ್ಕೆ ಸುಳ್ಳು ಸಿದ್ಧವಿರಲಿಲ್ಲ. ಅವರು ಸರಿ ಅಕ್ಕ ಎಂದು ಫೋನ್ ಇಟ್ಟರು.

ಹಡಗಿನ ಅಧಿಕಾರಿ ಒಳ್ಳೆಯವನೇ. ಹತ್ತು ವಾರ ತಡೆದರೆ ಪೂರ್ತಿ ಹಣ ಸಿಗುತ್ತದೆ, ಕಾಯಿಲೆ ಅಂತ ಮನೆಯಿಂದ ಒಂದು ಚೀಟಿಯೂ ಇಲ್ಲ, ಯಾವ ಆಧಾರದ ಮೇಲೆ ಹೋಗುತ್ತೀರಿ ಎಂದು ಕೇಳಿದನಂತೆ. ಇವರು ಕಾಗದಗಳನ್ನು ಅವನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವನು ಓದಿ, ಇದರಲ್ಲಿ ಎಲ್ಲವೂ ಚೆನ್ನಾಗಿದೆಯಲ್ಲ ಅಂದ. ಅದಕ್ಕೇ ಹೋಗಬೇಕು ಎಂದು ಇವರು ಬಿಡುಗಡೆಯ ಅರ್ಜಿಗೆ ಸಹಿ ಹಾಕಿದರು.

ಅವರು ಬಂದ ಮೇಲೆ ಅವಳು ಒಂಬತ್ತು ದಿನ ಇದ್ದಳು. ಮೊದಲ ದಿನ ನಾನೂ ಮಂಚದ ಹತ್ತಿರ ಇದ್ದೆ. ಕಣ್ಣು ತೆರೆದು ಅವರನ್ನು ಗುರುತಿಸಿದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು.

"ಮನೆ?"

ಚೀಫ್ ಇಲ್ಲವೆಂದು ತಲೆ ಅಲ್ಲಾಡಿಸಿದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ವೈದ್ಯರು ಕೆಲವು ತಿಂಗಳು ಅಂದಾಗ ಅಳದವಳು ಆ ಎರಡು ಕೋಣೆಗಳಿಗಾಗಿ ಅತ್ತದ್ದನ್ನು ನಾನು ಕಂಡೆ. ಅವರು ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟುಕೊಂಡಿದ್ದರು, ಪಂಪಿನ ಸದ್ದು ಕೇಳುವಾಗ ಇರುತ್ತಿದ್ದ ಹಾಗೆ, ಕಣ್ಣು ಮುಚ್ಚಿ.

ಮರುದಿನ ಹನ್ನೊಂದು ದಿನದ ವಿಷಯವನ್ನು ಅವಳಿಗೆ ತಾವೇ ಹೇಳಿದರಂತೆ. ಅವಳಿಗೆ ಮಾತಾಡಲು ಕಷ್ಟವಾಗುತ್ತಿತ್ತು.

"ನಾನು ಇಪ್ಪತ್ತೆರಡು ಸುಳ್ಳು ಬರೆದೆ. ನೀವು ಹನ್ನೊಂದೇ ದಿನ ನಂಬಿದ್ರಾ? ಲುಕ್ಸಾನು ನನಗೇ."

ಅವರನ್ನು ನಗಿಸಲು ಹೇಳಿದ್ದು. ಅವರು ನಕ್ಕರೋ ಇಲ್ಲವೋ ನಾನು ಕೇಳಲಿಲ್ಲ.

ಮಾಲೀಕರು ಮುಂಗಡ ವಾಪಸು ಕೊಟ್ಟರು, ಅದು ಬಂದ ದಾರಿಯಲ್ಲೇ ನೌಕಾಪಡೆಗೆ ಹೋಯಿತು. ಮೇಲಿನ ಕೋಣೆಗಳಿಗೆ ಬೇರೆಯವರು ಬಂದರು. ಚೀಫ್ ಈಗ ಕೆಳಗೆ, ಪಂಪಿನ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಾರೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಎಂಟು ಕಾಗದ ಉಳಿದಿದ್ದವು. ಡಬ್ಬಿ ಸಮೇತ ಅವನ್ನು ಅವರಿಗೆ ಕೊಟ್ಟೆ. ಅವರು ಹಡಗಿನಲ್ಲಿ ಮಾಡುತ್ತಿದ್ದಂತೆಯೇ ಭಾನುವಾರಕ್ಕೆ ಒಂದನ್ನು ಒಡೆದರು. ಒಂದೊಂದು ಭಾನುವಾರವೂ ಸತ್ತವಳ ಮನೆಯಲ್ಲಿ ಟ್ಯಾಂಕಿಗೆ ನೀರು ಏರಿತು, ಗಿಡ ಹೂ ಬಿಟ್ಟಿತು.

ಎಂಟನೆಯದನ್ನು ಹಿಡಿದುಕೊಂಡು ಅವರು ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. ಮೇಲೆ ತಾರೀಕಿತ್ತು. ಅದರ ಕೆಳಗೆ, ಕೈ ಸೋತವರ ಓರೆ ಅಕ್ಷರದಲ್ಲಿ, ರೀ ಎಂದು ಒಂದೇ ಅಕ್ಷರ. ಉಳಿದ ಪುಟವೆಲ್ಲ ಖಾಲಿ. ಮೂರನೇ ದಿನ ಸಂಜೆ ಅವಳು ಪೆನ್ನು ಕೆಳಗಿಟ್ಟು, ಸಾಕಾಯಿತು ಎಂದು ಲಕೋಟೆ ಅಂಟಿಸಿದ್ದು ನೆನಪಾಯಿತು.

ನಾನು ಪುಟವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಅವರು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

"ಇದೊಂದನ್ನ ಸರಿಯಾಗಿ ಬರೆದಿದಾಳೆ ಅಕ್ಕ," ಅಂದು, ಮಡಿಕೆ ಕೆಡದಂತೆ ಮಡಚಿ ಜೇಬಿನಲ್ಲಿಟ್ಟುಕೊಂಡು ಕೆಳಗಿಳಿದರು.